ತೊಳೆದ ಕೋರ್ಟು

ಜನವರಿ 8, ಗುರುವಾರ. ಸಂಜೆ

ಬ್ಯಾಂಕಿನ ಕೌಂಟರ್ ಮುಚ್ಚಿ ಕಿಟಕಿ ತೆರೆದೆ. ಘಾಟು. ರಸ್ತೆಯಾಚೆ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಹುಡುಗಿಯರು ಆಗಲೇ ಓಡುತ್ತಿದ್ದರು. ಕೋರ್ಟು ಎಂದರೆ ಅದರ ಅರ್ಧ. ಉಳಿದರ್ಧದಲ್ಲಿ ಮೆಣಸಿನಕಾಯಿ. ಸುಗ್ಗಿಯಲ್ಲಿ ಬ್ಯಾಡಗಿಯ ಯಾವ ಸಿಮೆಂಟು ನೆಲವೂ ಖಾಲಿ ಇರುವುದಿಲ್ಲ. ಕಾಲೇಜೂ ವ್ಯಾಪಾರಿಗಳಿಗೆ ಇಲ್ಲ ಅನ್ನುವುದಿಲ್ಲ. ಚೆಂಡು ರಾಶಿಗೆ ಬಿದ್ದಾಗಲೆಲ್ಲ ಕಾಯಿ ಆರಿಸುವ ಹೆಂಗಸರು ಬೈಯುತ್ತಾರೆ. ಹುಡುಗಿಯರು ಸೀನುತ್ತಾರೆ, ಮತ್ತೆ ಆಡುತ್ತಾರೆ.

ಕ್ಯಾಶಿಯರ್ ದಾದಾಪೀರ ಹಿಂದೆ ಬಂದು ನಿಂತ. "ಮೇಡಂ, ನಿಮ್ಮ ಟೀಮ್ ಗೆದ್ದಿದ್ದು ಯಾವಾಗ್ರಿ? ನಮ್ಮಪ್ಪನ ಕಾಲದಾಗೇನು?"

"ಮೂರು ವರ್ಷದಿಂದ ನೋಡಾಕತ್ತೇನಿ. ಇನ್ನೂ ಗೆದ್ದಿಲ್ಲ."

"ಮತ್ತ್ಯಾಕ ನೋಡ್ತೀರಿ?"

ನಾನು ಓದಿದ ಕಾನ್ವೆಂಟಿನಲ್ಲಿ ಗೆದ್ದವರಿಗೆ ಚಪ್ಪಾಳೆ ತಟ್ಟಲು ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಸೋತವರಿಗೆ ಹೇಗೆ ತಟ್ಟಬೇಕೆಂದು ಕಲಿಸಲಿಲ್ಲ.

ಜನವರಿ 13, ಮಂಗಳವಾರ

ಕಾಲೇಜಿನ ಪಿ.ಇ. ಮೇಷ್ಟ್ರು ಹಾಲಸಿದ್ದಪ್ಪ ಸರ್ ಬ್ಯಾಂಕಿಗೆ ಬಂದಿದ್ದರು.

"ನಮ್ಮ ಟೀಮಿನ ಜುಬೇದಾನ ಲಗ್ನ ಆತ್ರಿ. ಇನ್ನ ಐದೇ ಮಂದಿ. ಮುಂದಿನ ತಿಂಗಳ ರಾಣೆಬೆನ್ನೂರಾಗ ಝೋನಲ್ ಟೂರ್ನಮೆಂಟ್ ಐತಿ. ಐದು ಮಂದಿ ನಿಲ್ಲಲಿಲ್ಲಂದ್ರ ಟೀಮ್ ಬಂದ್ ಅಂದಾರ ಪ್ರಿನ್ಸಿಪಾಲ್ರು. ಕೋರ್ಟ್ ಪೂರಾ ಕಾಯಿಗೆ."

"ನಿಂತ್ರ?"

"ನಿಂತ್ರ ನೋಡೋಣು ಅಂದಾರ್ರಿ."

ಬದಲಿ ಆಟಗಾರ್ತಿ ಒಬ್ಬಳೂ ಇಲ್ಲ. ಯಾರಿಗೂ ಜ್ವರ ಬರಬಾರದು.

ಜನವರಿ 23, ಶುಕ್ರವಾರ

ನಾಳೆ ಹಾವೇರಿಯ ಒಂದು ಕಾಲೇಜಿನವರು ಅಭ್ಯಾಸ ಪಂದ್ಯಕ್ಕೆ ಬರುತ್ತಾರೆ. "ನಿಮ್ಮೂರಿನವರ ಬರಾಕತ್ತಾರ. ನೀವು ಯಾರ ಕಡೆ?" ದಾದಾಪೀರನ ಪ್ರಶ್ನೆ. ಹಾವೇರಿಯಿಂದ ದಿನಾ ಬಸ್ಸಿಗೆ ಬರುವವಳು ನಾನು. ಆದರೂ ಯೋಚಿಸಬೇಕಾಗಲಿಲ್ಲ.

ಹೋದ ವರ್ಷ ಅವರು ಕೆಮ್ಮುತ್ತ, ಕಣ್ಣುಜ್ಜುತ್ತ ಅರ್ಧಕ್ಕೇ ಆಟ ಬಿಟ್ಟರು. "ಇದೇನ್ ಕೋರ್ಟೋ ಖಾರದ ಗಿರಣಿಯೋ?" ಅಂದಳೊಬ್ಬಳು. ನಮ್ಮವರು ತಲೆ ತಗ್ಗಿಸಿ ನಿಂತಿದ್ದರು. ಅದು ಈ ಸಲ ಬೇಡ ಅನ್ನಿಸಿತು. ವ್ಯಾಪಾರಿಯನ್ನು ಕೇಳಿ ಒಂದು ದಿನದ ಮಟ್ಟಿಗೆ ಕಾಯಿ ಎತ್ತಿಸಿದೆ. ನಮ್ಮ ಬ್ಯಾಂಕಿನ ಗ್ರಾಹಕರು, ಇಲ್ಲ ಅನ್ನಲಾರರು... ಹಾಗೆ ಕೇಳಿದ್ದು ಸರಿಯೇ? ಸರಿಯಿರಲಿಕ್ಕಿಲ್ಲ.

ದಾದಾಪೀರ ನೀರಿನ ಟ್ಯಾಂಕರ್ ತರಿಸಿದ. ಕಾಯಿ ಆರಿಸುವ ಇಬ್ಬರು ಹೆಂಗಸರು ಸೋಪಿನ ಪುಡಿ ಹಾಕಿ ತಿಕ್ಕಿದರು. ಕೆಂಪು ನೀರು ಗಟಾರಕ್ಕೆ ಹರಿಯಿತು. ಕೊನೆಯ ಮೂಲೆಗೆ ಬರುವಷ್ಟರಲ್ಲಿ ನೀರು ಮುಗಿಯಿತು. ನೊರೆ ಹಾಗೇ ಉಳಿಯಿತು. ಒಣಗಿದರೆ ಹೋಗುತ್ತದೆ, ಸಾಕು ಅಂದೆ. ನಾನೇ ಅಂದೆ.

ಜನವರಿ 24, ಶನಿವಾರ

ಒಣಗಿತ್ತು. ಬೆಳಗಿನ ಇಬ್ಬನಿಗೆ ಮತ್ತೆ ನೆನೆದಿತ್ತು. ಪಂದ್ಯದ ನಡುವೆ ಕ್ಯಾಪ್ಟನ್ ಮುಸರತ ಜಾರಿದಳು — ಆ ಮೂಲೆಯಲ್ಲೇ. ಮೂಳೆ ಮುರಿದಿಲ್ಲ. ಮೂರು ವಾರ ಕಾಲು ಊರಬಾರದು ಅಂದರು ಡಾಕ್ಟರು. ಝೋನಲ್ ಅದರೊಳಗೇ ಇದೆ.

"ಕಾಯಿ ಮಂದಿ ಅರ್ಧಂಬರ್ಧ ತೊಳದ ಬಿಟ್ಟಾರ," ಅಂದರು ಯಾರೋ. ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಫೆಬ್ರುವರಿ 9, ಸೋಮವಾರ

ಇಷ್ಟು ದಿನ ಕಿಟಕಿ ತೆರೆದಿಲ್ಲ. ದಾದಾಪೀರ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ತೊಳೆಸಿದ್ದು ನಾನೆಂದು ಯಾರಿಗೂ ಹೇಳಿಲ್ಲ ಅವನು. ಹೇಳಿದ್ದರೆ ಚೆನ್ನಾಗಿತ್ತು.

ಫೆಬ್ರುವರಿ 11, ಬುಧವಾರ. ರಾಣೆಬೆನ್ನೂರಿನಿಂದ ಬಂದು

ರಜೆ ಹಾಕಿ ಹೋದೆ. ಐವರೂ ಬಂದಿದ್ದರು. ಮುಸರತ ಬ್ಯಾಂಡೇಜು ಸುತ್ತಿದ ಕಾಲಿನಲ್ಲಿ ಹಾಲಸಿದ್ದಪ್ಪ ಸರ್ ಜೊತೆ ವಾದಿಸುತ್ತಿದ್ದಳು. "ಓಡೂದಿಲ್ರಿ ಸರ್. ನಿಂದರ್ತೇನಿ ಅಷ್ಟ."

ನಿಂತಳು. ಉಳಿದ ನಾಲ್ವರು ಓಡಿದರು. "ಏ, ಆ ಕಂಬಕ್ಕೂ ಒಂದು ಪಾಸ್ ಕೊಡ್ರಲೇ!" ಎಂದು ಆ ಊರಿನ ಹುಡುಗರು ಕೂಗಿದರು. ಎಲ್ಲರೂ ನಕ್ಕರು. ನಾನೊಬ್ಬಳೇ ಚಪ್ಪಾಳೆ ತಟ್ಟುತ್ತಿದ್ದೆ. ಮುಜುಗರವಾಯಿತು, ನಿಲ್ಲಿಸಲಿಲ್ಲ. ನಮ್ಮದು ಒಂದೇ ಬಾಸ್ಕೆಟ್. ಅವರದನ್ನು ಎಣಿಸುವುದು ಬಿಟ್ಟೆ.

ಬ್ಯಾಡಗಿಯವರೆಗೆ ನಮ್ಮ ಹುಡುಗಿಯರ ಬಸ್ಸಿನಲ್ಲೇ ಬಂದೆ. ಮೋಟೆಬೆನ್ನೂರಿನಲ್ಲಿ ಬಸ್ಸು ಹೈವೇ ಬಿಟ್ಟು ತಿರುಗಿದ ಮೇಲೆ ಎದ್ದು ಮುಸರತಳ ಪಕ್ಕ ಕೂತೆ.

"ಕೋರ್ಟ್ ತೊಳಿಸಿದಾಕಿ ನಾನವಾ."

"ಗೊತ್ತೈತ್ರಿ ಮೇಡಂ. ತಿಕ್ಕಿದಾಕಿ ನಮ್ಮ ಖಾಲಾ, ಅಮ್ಮನ ತಂಗಿ."

"ಮತ್ತ್ಯಾಕ ಸುಮ್ಮನಿದ್ದಿ?"

"ಏನ್ ಅನ್ನೂದ್ರಿ?" ಹೊರಗೆ ನೋಡಿದಳು. "ಅವತ್ತ ಮುಂಜಾನೆ ಬಂದು ನೋಡಿದ್ರ ಕೆಂಪ ಧೂಳ ಹೋಗಿ ಬಿಳೇ ಗೆರಿ ಎಲ್ಲಾ ಕಾಣ್ತಿದ್ವು. ಫ್ರೀ ಥ್ರೋ ಗೆರಿ ಖರೇ ಎಲ್ಲೈತಿ ಅಂತ ಅವತ್ತ ಗೊತ್ತಾತ್ರಿ. ಇಷ್ಟ್ ವರ್ಷ ಒಂದ್ ಹೆಜ್ಜಿ ಹಿಂದ ನಿಂತು ರಿಂಗಿಗೆ ಒಗೀತಿದ್ವಿ."

ನಕ್ಕಳು. ನನಗೆ ಆಗಲಿಲ್ಲ.

ಫೆಬ್ರುವರಿ 16, ಸೋಮವಾರ

ಐವರು ನಿಂತರು. ಪ್ರಿನ್ಸಿಪಾಲರು ನೋಡಿದರು. ಟೀಮ್ ಬಂದ್. ಹಾಲಸಿದ್ದಪ್ಪ ಸರ್ ಸ್ಲಿಪ್ ತುಂಬುತ್ತ, ತಲೆ ಎತ್ತದೆ ಹೇಳಿದರು: "ಹಿಂಗ ಸೋತ್ರ ಕಾಲೇಜಿನ ಹೆಸರೇನ್ ಉಳೀತೈತಿ ಅಂದ್ರು."

ಫೆಬ್ರುವರಿ 19, ಗುರುವಾರ. ಸಂಜೆ

ಆ ರಿಂಗಿನಿಂದ ಈ ರಿಂಗಿನವರೆಗೆ ಕಾಯಿ. ಗೆರೆ ಒಂದೂ ಕಾಣುವುದಿಲ್ಲ. ಹೆಂಗಸರು ಮಗುಚುತ್ತಿದ್ದಾರೆ.

"ಕಿಟಕಿ ಹಾಕ್ರಿ ಮೇಡಂ, ಘಾಟ ಬರಾಕತ್ತೈತಿ," ಅಂದ ದಾದಾಪೀರ. ಮೆಲ್ಲಗೆ ಅಂದ.

ಹಾಕಲಿಲ್ಲ. ಇಲ್ಲದ ಟೀಮಿಗೆ ನೋಡುವವರು ಯಾಕೆ ಬೇಕು? ಆ ಫ್ರೀ ಥ್ರೋ ಗೆರೆ ಎಲ್ಲಿದ್ದೀತು ಎಂದು ಹುಡುಕುತ್ತಿದ್ದೆ. ಹುಡುಗಿಯರು ನಿಲ್ಲುತ್ತಿದ್ದ ಜಾಗ ನನಗೆ ಬಾಯಿಪಾಠ. ಅಲ್ಲಿಂದ ಒಂದು ಹೆಜ್ಜೆ ಮುಂದೆ... ಆ ಹಸಿರು ಸೀರೆಯ ಹೆಂಗಸು ಬಗ್ಗಿದ್ದಾಳಲ್ಲ, ಅವಳ ಕಾಲ ಕೆಳಗೇ ಇರಬೇಕು.