ಗಿಳಿ ಅಚ್ಚಿನ ಮೂಲಮನೆ

ಹೊಸ ಹಿರಿಯೂರು, ನೆರಳುಹಾಸಿನ ಓಣಿ
ಫೆಬ್ರವರಿ 30, 2211

ಗಿಳಿಮನೆ ಅಕ್ಕನವರಿಗೆ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ನಮ್ಮದರಲ್ಲಿ ಇದೆ. ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರದ ಬಿಡುವಿನ ದಿನಗಳೆಂದು ಇಟ್ಟರು. ಸಂಕ್ರಾಂತಿ ಮಾತ್ರ ಅವರ ಮಾತಿಗೆ ಸೊಪ್ಪು ಹಾಕದೆ ತನಗೆ ಬೇಕಾದ ದಿನವೇ ಬರುತ್ತದೆ. ನನ್ನ ಕನ್ನಡವೂ ನಿಮಗೆ ಕೊಂಚ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದವರ ಬರವಣಿಗೆಯನ್ನು ಓದಿ ಅಭ್ಯಾಸ ಮಾಡಿಕೊಂಡು ಬರೆಯುತ್ತಿದ್ದೇನೆ. ಅರ್ಥವಾಗದ ಪದ ಬಂದಲ್ಲಿ ಅಲ್ಲಲ್ಲೇ ವಿವರಿಸುತ್ತೇನೆ, ದಯವಿಟ್ಟು ಬೇಸರಿಸದೆ ಓದಿ.

ಈ ಕಾಗದ ನಿಮ್ಮನ್ನು ಮುಟ್ಟಿರುವುದು ಹಿಮ್ಮುಖ ಅಂಚೆಯಿಂದ. ಅದು ಕಳೆದ ಕಾಲಕ್ಕೆ ಮಾತನ್ನು ಮಾತ್ರ ಒಯ್ಯುತ್ತದೆ, ವಸ್ತುವನ್ನಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ದೊಡ್ಡಪ್ಪನ ಮಗ ತ್ರಿಲೋಚನ ತನ್ನ ಪಾಲಿನ ಕಾಗದವನ್ನು ತನಗೇ ಬರೆದುಕೊಂಡ. ಮದುವೆಯ ದಿನ ಬಾದಾಮಿ ಹಾಲು ಕುಡಿಯಬೇಡ, ಮುಹೂರ್ತದ ಹೊತ್ತಿಗೆ ಹೊಟ್ಟೆ ಕೈಕೊಡುತ್ತದೆ ಎಂದು ತಿಳಿಸಿದ. ಅವನು ಆಗಲೂ ಯಾರ ಮಾತನ್ನೂ ಕೇಳುವವನಲ್ಲವಾದ್ದರಿಂದ ಗಟಗಟ ಕುಡಿದೇಬಿಟ್ಟಿದ್ದನಂತೆ. ಹಾಗಾಗಿ ಈ ಅಂಚೆ ಏನನ್ನೂ ತಾನಾಗಿ ಬದಲಿಸುವುದಿಲ್ಲ. ಓದಿದವರು ಮನಸ್ಸು ಮಾಡಿದರೆ ಮಾತ್ರ ಬದಲಾಗುತ್ತದೆ. ನನ್ನ ಒಂದೇ ಒಂದು ಕಾಗದವನ್ನು ನಾನು ನಿಮಗೆ ಬರೆಯುತ್ತಿದ್ದೇನೆ, ಅದೂ ನಿಮ್ಮ ನಿಜವಾದ ಹೆಸರೇ ಗೊತ್ತಿಲ್ಲದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವವರ ನಿಮ್ಮ ಅಂತರ್ಜಾಲದ ಬಳಗದಲ್ಲಿ ನೀವು ಇಟ್ಟುಕೊಂಡ ಹೆಸರು ‘ಗಿಳಿಮನೆ’, ನಿಮ್ಮನ್ನು ಎಲ್ಲರೂ ಕರೆಯುವುದು ಅಕ್ಕ ಎಂದು. ನನಗೆ ತಿಳಿದಿರುವುದು ಇಷ್ಟೇ.

ಈ ಕಾಗದ ನಿಮ್ಮ ಕೈ ಸೇರುವ ದಿನ, ಅಂದರೆ ನಿಮ್ಮ ಪಾಲಿನ ಇವತ್ತು ಸಂಜೆ, ನೀವು ಆ ಬಳಗದಲ್ಲಿ ಹೀಗೆ ಬರೆದಿದ್ದೀರಿ: “ನಾಳೆ ಬೆಳಿಗ್ಗೆ ಎದ್ದವಳೇ ನನ್ನ ಅಚ್ಚೆಲ್ಲಾ ತೆಗೆದು ಹಾಕ್ತೀನಿ. ಕದ್ದು ತಿನ್ನೋರಿಗೆ ನಾನ್ಯಾಕೆ ಬಡಿಸ್ಲಿ? ನಿಮಗೂ ನಿಮ್ಮ ಬಳಗಕ್ಕೂ ಒಂದು ದೊಡ್ಡ ನಮಸ್ಕಾರ ಕಣ್ರಮ್ಮಾ.” ನಾಳೆ ಬೆಳಿಗ್ಗೆ ನೀವು ಹಾಗೇ ಮಾಡಿದಿರಿ. ನೀವು ಹಾಕಿದ ಅಚ್ಚಿನ ನಕ್ಷೆಗಳ ಜಾಗದಲ್ಲಿ ಈಗ ನಮಗೆ ಕಾಣುವುದು ಖಾಲಿ ಚೌಕಗಳು. ಬೇರೆಯವರು ಉತ್ತರ ಕೊಡುವಾಗ ಎತ್ತಿ ಬರೆದಿದ್ದರಿಂದ ನಿಮ್ಮ ಮಾತು ಅಷ್ಟಿಷ್ಟು ಉಳಿದಿದೆ. ಆ ಬೆಳಿಗ್ಗೆ ಬರುವ ಮೊದಲೇ ನಿಮ್ಮನ್ನು ತಡೆಯಬೇಕೆಂದು ನನ್ನ ಆಸೆ. ಯಾಕೆಂದು ತಿಳಿಯಬೇಕಾದರೆ ನಮ್ಮ ಕಾಲದ ನಡವಳಿಕೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ.

ನಮ್ಮ ಊರಿನಲ್ಲಿ ಬಿಸಿಲು ಜೋರು. ಬೀದಿಬೀದಿಗೂ ಎತ್ತರದಲ್ಲಿ ಬಟ್ಟೆ ಹಾಸಿದ್ದೇವೆ, ಅದೇ ನೆರಳುಹಾಸು. ಕೆಲಸವೆಲ್ಲ ಬೆಳಗಿನ ಜಾವಕ್ಕೆ ಮತ್ತು ಇಳಿಹೊತ್ತಿಗೆ. ಮಧ್ಯಾಹ್ನ ಪೂರ್ತಿ ಮನೆಯೊಳಗೆ. ಅಷ್ಟು ದೊಡ್ಡ ಮಧ್ಯಾಹ್ನದಲ್ಲಿ ಮಾಡುವುದೇನು? ಹಾಗಾಗಿ ಇಲ್ಲಿ ಹವ್ಯಾಸವಿಲ್ಲದ ಮನುಷ್ಯ ಸಿಗುವುದಿಲ್ಲ. ಒಬ್ಬರು ಬೊಂಬೆಗೆ ಬಟ್ಟೆ ಹೊಲಿಯುತ್ತಾರೆ, ಒಬ್ಬರು ರಾಗ ಕಟ್ಟುತ್ತಾರೆ, ಇನ್ನೊಬ್ಬರು ಹಳೆಯ ಬಸ್ಸುಗಳನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ ಮಾಡಿ ಬಾಗಿಲು ತೆರೆದು ಮುಚ್ಚಿ ಸಂತೋಷಪಡುತ್ತಾರೆ. ಎಲ್ಲರೂ ಎಲ್ಲರಿಂದಲೂ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳುವುದು ಇಲ್ಲಿ ನಾಚಿಕೆಯ ಕೆಲಸವಲ್ಲ. ಆದರೆ ತುಂಬುಡಬ್ಬಿ ಎಂಬ ಕಟ್ಟುಪಾಡು ಇದೆ, ಅದನ್ನು ಮುರಿದವರ ಮನೆಯ ಮದುವೆಗೂ ಜನ ಹೋಗುವುದಿಲ್ಲ. ಇದನ್ನು ನಾವು ಕಲಿತದ್ದು ನಿಮ್ಮ ಕಾಲದ ಅಡುಗೆಮನೆಗಳಿಂದ. ಪಕ್ಕದ ಮನೆಯವರು ಹೋಳಿಗೆ ಕಳಿಸಿದ ಡಬ್ಬಿಯನ್ನು ನೀವು ಬರಿದಾಗಿ ವಾಪಸು ಕೊಡುತ್ತಿರಲಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದಿರಿ. ನಾವು ಆ ಪದ್ಧತಿಯನ್ನು ಎಲ್ಲ ಕಸುಬಿಗೂ ಹಿಗ್ಗಿಸಿದ್ದೇವೆ. ಇನ್ನೊಬ್ಬರ ವಿನ್ಯಾಸವನ್ನು ತೆಗೆದುಕೊಂಡವರು ಅದರಲ್ಲಿ ತಾವು ಮಾಡಿದ ಬದಲಾವಣೆಯನ್ನು, ಬದಲಾವಣೆ ಇಲ್ಲದಿದ್ದರೆ ತಮ್ಮ ಕೈಯ ಬೇರೆ ಏನನ್ನಾದರೂ, ಕೊಟ್ಟವರಿಗೆ ಹೆಸರು ಹಿಡಿದು ಕಳಿಸಬೇಕು.

ವಿನ್ಯಾಸ ಹುಟ್ಟಿದ ಮನೆಗೆ ಮೂಲಮನೆ ಎನ್ನುತ್ತೇವೆ. ಸಂಕ್ರಾಂತಿಯಲ್ಲಿ ಅಚ್ಚಿನಿಂದ ಬಿಡಿಸಿದ ಮೊದಲ ಸಕ್ಕರೆ ಬೊಂಬೆಯನ್ನು ಎಳ್ಳು, ಕಬ್ಬಿನ ತುಂಡಿನ ಜೊತೆ ತಟ್ಟೆಯಲ್ಲಿಟ್ಟು ಮೂಲಮನೆಗೆ ಒಯ್ಯಬೇಕು. ಮಾಡಿದವರು ತೀರಿಕೊಂಡಿದ್ದರೆ ಅವರ ಮಕ್ಕಳ ಮನೆಗೆ, ಮೊಮ್ಮಕ್ಕಳ ಮನೆಗೆ. ಆ ವಿನ್ಯಾಸವನ್ನು ತಿದ್ದಿದವರಿದ್ದರೆ ಮೂಲಮನೆಯವರು ತಮ್ಮ ತಟ್ಟೆಯಿಂದ ಅವರಿಗೂ ಪಾಲು ಕಳಿಸುತ್ತಾರೆ. ಹಬ್ಬದ ಸಂಜೆ ನೆರಳುಹಾಸನ್ನು ಸುತ್ತಿ ಮೇಲಕ್ಕೆ ಕಟ್ಟಿ, ಬೀದಿ ತುಂಬ ಜನ ತಟ್ಟೆ ಹಿಡಿದು ಓಡಾಡುವುದನ್ನು ನೀವು ನೋಡಬೇಕಿತ್ತು. ದೂರದ ಊರಿನವರು ರೈಲಿಳಿದು ಮನೆ ಕೇಳಿಕೊಂಡು ಬರುತ್ತಾರೆ.

ಆ ಸಂಜೆ ಇಡೀ ಓಣಿಯಲ್ಲಿ ಅತಿ ಹೆಚ್ಚು ತಟ್ಟೆ ಬರುತ್ತಿದ್ದದ್ದು ನಮ್ಮ ಮನೆಗೆ. ನಾವು ಸೌಗಂಧಿಕಾ ಎಂಬುವವರ ವಂಶದವರು, ಅವರು ಮಾಡಿದ ಉಯ್ಯಾಲೆಯ ಗಿಳಿಯ ಅಚ್ಚು ಮನೆಮನೆಯಲ್ಲೂ ಇದೆ. ಉಯ್ಯಾಲೆಯ ಮೇಲೆ ಕೂತು, ಕತ್ತು ತಿರುಗಿಸಿ ತನ್ನ ಬಾಲವನ್ನೇ ನೋಡಿಕೊಳ್ಳುವ, ಕೊರಳಿಗೆ ಕನಕಾಂಬರದ ಹಾರ ಹಾಕಿಕೊಂಡ ಗಿಳಿ. ಹುಟ್ಟಿದಾಗಿನಿಂದ ನಾನು ಅದರ ಜಂಬದಲ್ಲೇ ಬೆಳೆದವಳು. ಗಿಳಿಯವರ ಮನೆ ಎಂದರೆ ಆಟೋದವರಿಗೂ ಗೊತ್ತು.

ಕಳೆದ ವರ್ಷದ ಕೊನೆಯಲ್ಲಿ ಹಳೆಮಾತಿನ ಉಗ್ರಾಣವನ್ನು ತೆರೆದರು. ನಿಮ್ಮ ಕಾಲದ ಬಳಗಗಳಲ್ಲಿ ಜನ ಆಡಿದ್ದನ್ನೆಲ್ಲ ಕೂಡಿಟ್ಟ ಜಾಗ ಅದು. ನಮ್ಮ ಸೌಗಂಧಿಕಾ ಏನೇನು ಹೇಳಿರಬಹುದೆಂದು ಹೆಮ್ಮೆಯಿಂದ ಹುಡುಕಲು ಕೂತೆ. ಮೊದಲು ಸಿಕ್ಕಿದ್ದು ನಿಮ್ಮ ಅಚ್ಚಿನಲ್ಲಿ ಬಳಗದವರು ಎರೆದ, ಕತ್ತು ಮುರಿದ ಸಕ್ಕರೆ ಗಿಳಿಗಳ ಚಿತ್ರಗಳ ಸಾಲು. ಅಕ್ಕ, ಎಷ್ಟೊಂದು ಗಿಳಿಗಳು! ಅಚ್ಚನ್ನು ನೀರಿನಲ್ಲಿ ನೆನೆಸಿ, ದಾರ ಬಿಗಿದು, ಪಾಕ ಹದವಾಗಿ ಎರೆದು, ತಣಿದ ಮೇಲೆ ಬಿಡಿಸಿದರೆ ತಲೆ ಒಂದು ಕಡೆ, ಮೈ ಒಂದು ಕಡೆ. “ಗಿಳಿಮನೆ ಅಕ್ಕಾ, ನಿಮ್ಮ ಗಿಳಿ ಮತ್ತೆ ಪ್ರಾಣ ಬಿಡ್ತು” ಎಂದು ಒಬ್ಬರು ಬರೆದಿದ್ದಾರೆ. “ನಮ್ಮನೇಲಿ ಮಕ್ಕಳು ತಲೆ ಬೇರೆ ತಿಂತಾರೆ, ಮೈ ಬೇರೆ ತಿಂತಾರೆ” ಎಂದು ಇನ್ನೊಬ್ಬರು. ಆ ಸಾಲಿನಲ್ಲಿ ನಮ್ಮ ಸೌಗಂಧಿಕಾಳೂ ಇದ್ದಳು: “ಅಕ್ಕ, ಕತ್ತು ಒಂಚೂರು ದಪ್ಪ ಮಾಡ್ಲಾ?” ಅದಕ್ಕೆ ನೀವು ಕೊಟ್ಟ ಉತ್ತರವನ್ನು ಯಾರೋ ನಗುತ್ತಾ ಎತ್ತಿ ಬರೆದಿದ್ದಾರೆ: “ಕತ್ತು ದಪ್ಪ ಮಾಡಿದ್ರೆ ಅದು ಗಿಳಿ ಆಗಲ್ಲಮ್ಮ, ಪಾರಿವಾಳ ಆಗುತ್ತೆ. ಕೈ ಹಗುರ ಮಾಡ್ಕೊ.”

ಕೆಲವು ತಿಂಗಳ ನಂತರ ಸೌಗಂಧಿಕಾ ಹಾರ ಹಾಕಿದ ಗಿಳಿಯನ್ನು ಬಳಗದ ಮುಂದಿಟ್ಟಳು. ಹಾರದ ದಪ್ಪ ಕತ್ತಿಗೆ ಆಸರೆಯಾಗಿತ್ತು, ಗಿಳಿ ಇಡಿಯಾಗಿ ಬಂದಿತ್ತು, ಪಾರಿವಾಳದಂತೆಯೂ ಕಾಣುತ್ತಿರಲಿಲ್ಲ. ಬಳಗವೆಲ್ಲ ಚಪ್ಪಾಳೆ ತಟ್ಟಿತು. ಕೆಳಗೆ ಇದ್ದದ್ದು ಅವಳೊಬ್ಬಳದೇ ಹೆಸರು. ಉಯ್ಯಾಲೆ ನಿಮ್ಮದು, ಕತ್ತಿನ ತಿರುವು ನಿಮ್ಮದು, ಬಾಲದ ಗೆರೆಗಳೂ ನಿಮ್ಮವೇ. ನೀವು ಕೇಳಿದಾಗ ಅವಳು ಕೊಟ್ಟ ಉತ್ತರ ಹೀಗಿತ್ತು: “ಗಿಳಿ ಯಾರಪ್ಪಂದೂ ಅಲ್ಲ ಬಿಡಿ ಅಕ್ಕ, ಆಕಾಶದಲ್ಲಿ ಹಾರಾಡ್ತಾವೆ.” ನಮ್ಮವಳೇ ಆದರೂ ಆ ಮಾತು ಅಧಿಕಪ್ರಸಂಗ.

ಮನೆಯಲ್ಲಿ ಹೇಳಿದೆ. ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು “ಅಯ್ಯೋ ಶಿವನೇ, ಇಷ್ಟು ವರ್ಷ ಯಾರ ಮನೆ ಎಳ್ಳು ತಿಂದ್ವೇ ನಾವು!” ಎಂದರು. ತ್ರಿಲೋಚನ ಮಾತ್ರ “ಸತ್ತು ಮಣ್ಣಾದೋರ ಜಗಳ ಈಗ್ಯಾಕೆ ಎತ್ತಿಕೊಂಡು ಕೂರ್ತೀಯ? ಬರೋ ತಟ್ಟೆ ಬರ್ಲಿ ಬಿಡು” ಎಂದ. ಮನೆಯವರೆಲ್ಲ ಕೂತು ಮಾತಾಡಿ, ಕೊನೆಗೆ ಅಜ್ಜಿಯ ಮಾತೇ ನಿಂತಿತು. ಈ ಸಂಕ್ರಾಂತಿಯ ಸಂಜೆ ನಾವು ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು, ಇದು ಮೂಲಮನೆ ಅಲ್ಲ ಎಂದು ಹೇಳಿದೆವು. ದಾವಣಗೆರೆಯಿಂದ ತಟ್ಟೆ ತಂದಿದ್ದ ಒಬ್ಬ ಹೆಂಗಸು ನಮ್ಮ ಮುಖವನ್ನೇ ನೋಡಿ ಕೇಳಿದರು: “ಹಂಗಾರೆ ಇದನ್ನ ಯಾರ ಮನಿಗೆ ಒಯ್ಲಿ?” ವಾಪಸು ಒಯ್ಯುವುದು ಅಪಶಕುನವೆಂದು ಎಲ್ಲರೂ ತಟ್ಟೆಗಳನ್ನು ನಮ್ಮ ಜಗಲಿಯ ಮೇಲೇ ಇಟ್ಟುಹೋದರು. ಅಷ್ಟು ಅವಮಾನವನ್ನೂ ಅಷ್ಟು ನಿರಾಳತೆಯನ್ನೂ ನಾನು ಒಂದೇ ಸಂಜೆಯಲ್ಲಿ ಎಂದೂ ಅನುಭವಿಸಿರಲಿಲ್ಲ.

ಈಗ ನಿಮ್ಮ ಜೊತೆ ಸ್ವಲ್ಪ ಜಗಳವಾಡುತ್ತೇನೆ, ಸಿಟ್ಟಾಗಬೇಡಿ. ಸೌಗಂಧಿಕಾ ನಿಮ್ಮ ಗಿಳಿಯನ್ನು ತೆಗೆದುಕೊಂಡದ್ದು ತಪ್ಪಲ್ಲ. ಎಲ್ಲರೂ ತೆಗೆದುಕೊಳ್ಳಲಿ ಎಂದೇ ನೀವು ಅದನ್ನು ಅಲ್ಲಿ ಇಟ್ಟಿದ್ದಿರಿ, ನೀವೂ ಆ ಉಯ್ಯಾಲೆಯನ್ನು ಯಾವುದೋ ತೊಟ್ಟಿಲಿನ ಕೆತ್ತನೆ ನೋಡಿ ಬರೆದೆ ಎಂದು ಒಮ್ಮೆ ಹೇಳಿಕೊಂಡಿದ್ದೀರಂತೆ. ಹಾರ ಹಾಕಿದ್ದೂ ತಪ್ಪಲ್ಲ, ಅದು ಒಳ್ಳೆಯ ಕೆಲಸ. ಡಬ್ಬಿಗೆ ತುಂಬಲು ಇಷ್ಟು ಚೆನ್ನಾದ ಪದಾರ್ಥವನ್ನು ಕೈಯಲ್ಲೇ ಇಟ್ಟುಕೊಂಡು, ಅವಳು ಡಬ್ಬಿಯ ಮೇಲಿನ ಹೆಸರನ್ನು ಉಜ್ಜಿ ತನ್ನ ಕಪಾಟಿನಲ್ಲಿ ಇಟ್ಟುಕೊಂಡಳಲ್ಲ, ತಪ್ಪು ಅದು. ಅಕ್ಕ, ನಿಮ್ಮ ಗಿಳಿ ತಗೊಂಡೆ, ಕತ್ತು ಮುರೀತಿತ್ತು, ಹಾರ ಹಾಕಿದೀನಿ ನೋಡಿ ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಹಾಗೆ ಹೇಳಲು ಅವಳು ಹೆದರಿದ್ದಕ್ಕೆ ಆ ಪಾರಿವಾಳದ ಮಾತೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ನಿಮ್ಮ ಕೈ ದೊಡ್ಡದು, ಆದರೆ ಕೊಟ್ಟ ಮೇಲೂ ಹಿಡಿತ ಬಿಡದ ಕೈ.

ನಿಮ್ಮ ನಂತರ ಏನಾಯಿತೆಂದು ನಮಗೆ ಗೊತ್ತು. ಮೊದಲು ಬೀಗದ ಕಾಲ ಬಂತು. ಕದಿಯುತ್ತಾರೆಂಬ ಹೆದರಿಕೆಯಿಂದ ಎಲ್ಲರೂ ಚಿತ್ರದ ನಡುವೆಯೇ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಒತ್ತಿದರು, ಹೆಸರಿನ ಹಿಂದೆ ಗಿಳಿ ಕಾಣದಂತಾಯಿತು. ಕಲಿಯಬೇಕೆಂದವರಿಗೆ ನೋಡಲು ಏನೂ ಉಳಿಯಲಿಲ್ಲ. ಅದಕ್ಕೆ ಬೇಸತ್ತು ಜನ ಬೀಗಗಳನ್ನೆಲ್ಲ ಮುರಿದರು, ಆಗ ಬಂದದ್ದು ಬಾಚುವ ಕಾಲ. ಯಂತ್ರಗಳು ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ರಾಶಿ ರಾಶಿ ಗಿಳಿ ಬರೆದು ಸುರಿದವು, ಯಾವುದಕ್ಕೂ ಮನೆಯಿಲ್ಲ, ಹೆಸರಿಲ್ಲ. ಕತ್ತು ಮುರಿದರೆ ಕೇಳಲು ಒಬ್ಬ ಅಕ್ಕನೂ ಇರಲಿಲ್ಲ. ಎರಡರಲ್ಲೂ ಜನ ಹೈರಾಣಾದ ಮೇಲೆ ಯಾರೋ ಪುಣ್ಯಾತ್ಮರಿಗೆ ಪಕ್ಕದ ಮನೆಯ ಡಬ್ಬಿ ನೆನಪಾಯಿತು. ಹಾಗಾಗಿ ನಾನು ನಿಮಗೆ ಧೈರ್ಯವಾಗಿ ಹೇಳಬಲ್ಲೆ: ಕೊಡುವುದು ನಿಲ್ಲುವುದಿಲ್ಲ, ಪಡೆಯುವುದೂ ನಿಲ್ಲುವುದಿಲ್ಲ, ಹೇಳಿ ಪಡೆಯುವುದನ್ನು ಜನ ಕಲಿತೇ ಕಲಿಯುತ್ತಾರೆ. ನಾವು ಕಲಿತಿದ್ದೇವೆ.

ಸೌಗಂಧಿಕಾಳನ್ನು ಕ್ಷಮಿಸಿ ಎಂದು ನಾನು ಕೇಳುತ್ತಿಲ್ಲ. ಅವಳಿಗೆ ಚೆನ್ನಾಗಿ ನಾಲ್ಕು ಬಯ್ಯಿರಿ, ನಮ್ಮ ಮನೆಯ ಪರವಾಗಿ ಇನ್ನೆರಡು ಸೇರಿಸಿ. ನನ್ನ ಡಬ್ಬಿ ಎಲ್ಲಮ್ಮ ಎಂದು ಎಲ್ಲರ ಎದುರಿಗೇ ಕೇಳಿ. ಆದರೆ ಹಾರವನ್ನು ನೋಡಿ ಚೆನ್ನಾಗಿದೆ ಅನ್ನಿಸಿದರೆ ಅದನ್ನೂ ಹೇಳಿಬಿಡಿ, ಅವಳು ಆ ಮಾತಿಗೇ ಕಾದಿದ್ದಳು ಎಂದು ನನ್ನ ಊಹೆ. ನಾಳೆ ಬೆಳಿಗ್ಗೆ ಯಾವ ಅಚ್ಚನ್ನೂ ತೆಗೆಯಬೇಡಿ. ನೀವು ತೆಗೆದರೆ ಉಳಿಯುವುದು ಅವಳ ಪ್ರತಿಯೊಂದೇ, ಅದರ ಕೆಳಗಿನ ಅವಳ ಹೆಸರೊಂದೇ, ಆಮೇಲೆ ಲೋಕಕ್ಕೆಲ್ಲ ಅದೇ ನಿಜವಾಗುತ್ತದೆ. ತೆಗೆಯುವ ಬದಲು ಗಿಳಿಯ ಕೆಳಗೆ ನಿಮ್ಮ ಹೆಸರು ಬರೆಯಿರಿ. ಗಿಳಿಮನೆ ಎಂದಲ್ಲ, ನಿಮ್ಮ ಅಪ್ಪ ಅಮ್ಮ ಇಟ್ಟ ಹೆಸರು. ಊರು ಬರೆಯಿರಿ, ಬೀದಿ ಬರೆಯಿರಿ, ಮಕ್ಕಳಿದ್ದರೆ ಅವರ ಹೆಸರನ್ನೂ ಬರೆಯಿರಿ. ಹಾಗೆ ಮಾಡಿದರೆ ನಮ್ಮ ಮನೆಗೆ ತಟ್ಟೆ ಬರುವುದು ನಿಂತುಹೋಗುತ್ತದೆ ಎಂದು ನನಗೆ ಗೊತ್ತು. ನಿಲ್ಲಲಿ, ನಿಮ್ಮವರು ಕಳಿಸುವ ಹಾರದ ಪಾಲು ನಮಗೆ ಸಾಕು.

ನೀವು ಬರೆದ ಕ್ಷಣವೇ ನಮ್ಮ ಉಗ್ರಾಣದ ಖಾಲಿ ಚೌಕ ತುಂಬುತ್ತದೆಯಂತೆ. ಕಾಗದ ಹೊರಡುವ ಮೊದಲೇ ಅಜ್ಜಿ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ಜಗಲಿಗೆ ಹೋಗಿ ತಟ್ಟೆಗಳಿಗೆ ಇರುವೆ ಹತ್ತಿದೆಯೇ ಎಂದು ನೋಡುತ್ತಾರೆ. ಒಂದು ಗಿಳಿಯನ್ನೂ ಯಾರೂ ಮುಟ್ಟಿಲ್ಲ. ನಿಮ್ಮವರು ಎಲ್ಲೇ ಇರಲಿ, ನಾನೇ ಹೊತ್ತುಕೊಂಡು ಬರುತ್ತೇನೆ. ಯಾವ ಮನೆಯ ಬಾಗಿಲು ತಟ್ಟಲಿ ಎಂದು ಹೇಳಿ, ಅಕ್ಕ.

ಇಂತು ನಿಮ್ಮ ವಿಶ್ವಾಸಿ,
ಇಂಚರ, ಸೌಗಂಧಿಕಾಳ ವಂಶದವಳು