ಅಳಿಯನಿಗೆ ಕೊಯ್ಯಬೇಕಿದ್ದ ಹೇಂಟೆ

ಗುರ್ಯೆ,
೯ ಏಪ್ರಿಲ್ ೧೯೮೩

ಮಗಳೇ ಉನ್ಸಿಲ್,

ಹೇಗಿದ್ದೀಯ? ಕಾಲು ಊದಿಕೊಂಡಿವೆಯಂತೆ; ಉಪ್ಪು ಕಡಿಮೆ ಮಾಡು. ನಿನ್ನ ನಾಲ್ಕು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆಯದೆ ಕುಳಿತ ತಾಯಿ ನಾನು. ಇವತ್ತು ಮಾತ್ರ ಬರೆಯದಿದ್ದರೆ ಹೊಟ್ಟೆ ಒಡೆದೀತು!

ಭಾನುವಾರ ನಿನ್ನ ಗಂಡ ಹೇಳದೆ ಕೇಳದೆ ನಮ್ಮ ಅಂಗಳಕ್ಕೆ ಬಂದು ನಿಂತರು. ಮದುವೆಯಾದ ಮೂರು ವರ್ಷಕ್ಕೆ ಮೊದಲ ಸಲ. "ಅತ್ತೆ, ಉನ್ಸಿಲ್‌ಗೆ ಏಳು ತಿಂಗಳು. ಮಾವನವರು ಒಂದು ಮಾತು ಅಂದ್ರೆ ಸಾಕು, ಕರ್ಕೊಂಡು ಬರ್ತೀನಿ" ಎಂದರು.

ನಿಮ್ಮಪ್ಪ ಕೋಣೆಯ ಬಾಗಿಲು ಎಳೆದುಕೊಂಡರು. ಒಳಗಿಂದಲೇ ಶುರು: "ಕೋಳಿಮರಿ ಹಿಂಭಾಗ ನೋಡಿ ಹೆಣ್ಣೋ ಗಂಡೋ ಅನ್ನೋದೂ ಒಂದು ಕೆಲ್ಸಾನಾ? ಮೂವತ್ತು ವರ್ಷ ಮೇಷ್ಟ್ರಾಗಿದ್ದೋನ ಮನೆಗೆ ಇಂಥ ಅಳಿಯಾನಾ?"

ನನಗೆ ರೇಗಿತು. ಮೊದಲ ಸಲ ಬಂದ ಅಳಿಯನಿಗೆ ಮೊಟ್ಟೆಯಿಡುವ ಹೇಂಟೆಯನ್ನೇ ಕೊಯ್ದು ಬಡಿಸದಿದ್ದರೆ ನಾನೆಂಥ ಅತ್ತೆ? ನಿಮ್ಮಪ್ಪ ದಿನಾ ಮಾತಾಡಿಸುವ ಕಂದು ಹೇಂಟೆಯೇ ಆಗಲಿ ಎಂದು ಕತ್ತಿ ಹಿಡಿದು ಗೂಡಿಗೆ ಹೋದೆ. ನೋಡಿದರೆ ಅದು ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು, ಮೂಲೆಯಲ್ಲಿ ತಿಣುಕುತ್ತಿದೆ.

"ಕತ್ತಿ ಕೆಳಗಿಡಿ ಅತ್ತೆ" ಎಂದು ಅಳಿಯಂದಿರು ಕೋಟು ಬಿಚ್ಚಿ, ಅದರ ಹೊಟ್ಟೆ ಮೆಲ್ಲಗೆ ಸವರಿದರು. "ಮೊಟ್ಟೆ ಸಿಕ್ಕಾಕೊಂಡಿದೆ."

ಅಷ್ಟು ಕೇಳಿದ್ದೇ ನಿಮ್ಮಪ್ಪ ಬರಿಗಾಲಲ್ಲಿ ಓಡಿಬಂದರು. "ಒತ್ತಿ ತೆಗಿ, ಒತ್ತಿ!"

"ಒತ್ತಬಾರ್ದು ಮಾವ. ಒಳಗೇ ಒಡೆದ್ರೆ ಹೇಂಟೆ ಉಳಿಯಲ್ಲ."

"ನಂಗೇ ಪಾಠ ಹೇಳ್ತೀಯೇನೋ?"

"ಹೂಂ. ಬೋಗುಣಿ ಹಿಡ್ಕೊಳ್ಳಿ."

ಹಿಡಿದುಕೊಂಡರು ಕಣೇ! ಅಳಿಯಂದಿರು ಉಗುರುಬೆಚ್ಚಗಿನ ನೀರಿನಲ್ಲಿ ಹೇಂಟೆಯನ್ನು ಹೊಟ್ಟೆ ಮುಳುಗುವಷ್ಟು ಕೂರಿಸಿದರು. ಆರಿದಂತೆಲ್ಲ ನಾನು ಬಿಸಿನೀರು ಬೆರೆಸಿದೆ. ಆಮೇಲೆ ಒರೆಸಿ, ಹಿಂದೆ ಎಳ್ಳೆಣ್ಣೆ ಸವರಿ, "ಇನ್ನು ಬೆಚ್ಚಗೆ, ಕತ್ತಲಲ್ಲಿ ಇರ್ಬೇಕು" ಎಂದರು. ಮನೆಯಲ್ಲಿ ಒಲೆಯ ಬಿಸಿ ಅಡಿಯಲ್ಲಿ ಹಾಯ್ದು ಬೆಚ್ಚಗಿರುವ ನೆಲ ನಿಮ್ಮಪ್ಪನ ಕೋಣೆಯದೊಂದೇ. ಹೇಂಟೆಯ ಜೊತೆಗೆ ಅಳಿಯನಿಗೂ ಬಾಗಿಲು ತೆರೆಯಬೇಕಾಯಿತು.

ಬಟ್ಟೆ ಮುಚ್ಚಿದ ಬುಟ್ಟಿಯ ಆಚೆಗೊಬ್ಬರು ಈಚೆಗೊಬ್ಬರು ಕುಳಿತರು. ಬುಟ್ಟಿಯ ಬಟ್ಟೆ ಸರಿಪಡಿಸುತ್ತ ನಿಮ್ಮಪ್ಪ ಪಿಸುಗುಟ್ಟಿದರು: "ದಿನಕ್ಕೆ ಎಷ್ಟು ಮರಿ ನೋಡ್ತೀಯ?"

"ಏಳೆಂಟು ಸಾವಿರ."

"ತಪ್ಪು?"

"ನೂರಕ್ಕೆ ಒಂದೋ ಎರಡೋ."

"ನನ್ನ ಕೈಲಿ ಕಲಿತ ಒಬ್ಬನೂ ನೂರಕ್ಕೆ ತೊಂಬತ್ತೆಂಟು ತಗೊಳ್ಳಲಿಲ್ಲವಲ್ಲಯ್ಯಾ!"

ಹೊತ್ತು ಇಳಿಯುವಾಗ ಬುಟ್ಟಿ ಅಲುಗಿತು. ಹೇಂಟೆ ಎದ್ದು ಮೈ ಕೊಡವಿ ಊರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಕೂಗಿತು. ಅದಕ್ಕಿಂತ ಜೋರಾಗಿ ನಿಮ್ಮಪ್ಪ: "ಅಳಿಯಂದಿರೇ, ಬಂತು! ಇಷ್ಟು ದೊಡ್ಡದು ಬಂತು!"

ಅಳಿಯಂದಿರೇ! ನಾನು ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ.

ಕೊಯ್ಯುವ ಮಾತು ಅಲ್ಲಿಗೆ ಮುಗಿಯಿತು. ನಿನ್ನ ಗಂಡ ಬರೀ ಸೊಪ್ಪಿನ ಸಾರಿನಲ್ಲೇ ಮೂರು ಬಟ್ಟಲು ಅನ್ನ ಉಂಡರು. ಮೊಟ್ಟೆ ಮತ್ತೆ ಸಿಕ್ಕಿಕೊಳ್ಳದಿರಲೆಂದು ಈಗ ನಿಮ್ಮಪ್ಪ ದಿನಾ ಕಪ್ಪೆಚಿಪ್ಪು ಕುಟ್ಟಿ ಮೇವಿಗೆ ಬೆರೆಸುತ್ತಾರೆ. ನಿನ್ನೆ ಸಂತೆಯಿಂದ ಬಾಣಂತಿ ಸಾರಿಗೆಂದು ಕಡಲ ಸೊಪ್ಪು ತಂದರು. ಮಡಿಸಿದರೆ ಹೆರಿಗೆ ಕಷ್ಟವೆಂದು, ಆಳುದ್ದದ ಕಟ್ಟನ್ನು ಹಾಗೇ ಹೆಗಲ ಮೇಲೆ ಹೊತ್ತು, ಎದುರು ಸಿಕ್ಕವರಿಗೆಲ್ಲ ತೋರಿಸುತ್ತ ಬಂದರು.

ಇಬ್ಬರೂ ಬೇಗ ಬನ್ನಿ. ಸುಖವಾಗಿ ಹೆರು ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಮ್ಮ

ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ: ನಿನ್ನ ಮದುವೆಗೆ ಬರಲು ನನ್ನನ್ನು ಅಪ್ಪ ಬಿಡಲಿಲ್ಲವೆಂದು ನೀನು ನಂಬಿದ್ದೀಯ. ಅವರು, "ನಾನು ಬರಲ್ಲ, ನೀನು ಹೋಗು" ಎಂದಿದ್ದರು. ರೇಷ್ಮೆ ಉಟ್ಟು ಬಸ್ಸಿಗೆ ಕಾಯುತ್ತಿದ್ದೆ. "ಅಳಿಯ ಏನ್ ಮಾಡ್ತಾನೆ?" ಎಂದು ಪಕ್ಕದ ಹೆಂಗಸರು ಕೇಳಿದರು. ಹೇಳಲು ನಾಚಿಕೆಯಾಯಿತು. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ನೀನು ಅಪ್ಪನನ್ನು ಬೈದು ಬರೆದದ್ದನ್ನೆಲ್ಲ ಅವರು ಓದಿದರು, ಮಡಿಸಿಟ್ಟರು. ನನ್ನ ಹೆಸರು ಎತ್ತಲಿಲ್ಲ. ಇನ್ನು ಮೇಲೆ ಬೈಯುವುದಾದರೆ ನನ್ನನ್ನು ಬೈ.