ತಾರೀಖಾಗದೆ ಉಳಿದ ಬಾವಿಯ ಆಳ

2231ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ

ಸುವರ್ಣಾ ಪಾಂಚಾಳ ಅವರಿಗೆ ಮಾಣಿಕಮ್ಮನ ಶರಣು.

ಹದಿಮೂರನೇ ತಿಂಗಳೆಂದರೆ ಗಾಬರಿಯಾಗಬೇಡಿ. ಉರಿಬಿಸಿಲಲ್ಲಿ ಯಾರೂ ಹೊರಗೆ ದುಡಿಯಬಾರದೆಂದು ನಮ್ಮವರು ಸೇರಿಸಿಕೊಂಡ ತಿಂಗಳು ಅದು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನನಗಿಂತ ಇನ್ನೂರು ವರ್ಷ ಹಿರಿಯರು, ಆದರೂ ಬಾಯಿಗೆ ಬರುವುದು ಅಕ್ಕ ಅಂತಲೇ.

ಅಕ್ಕಾ, ಬೀದರದ ಕಡೆ ನಿಮ್ಮ ಕಚೇರಿಯವರು ಲೆಕ್ಕ ಹಿಡಿದ ಬಾವಿಗಳ ಊರು ನಮ್ಮದು. ಬಾವಿಗಳು ಎಂದೋ ಹೂತುಹೋದವು. ನಿಮ್ಮ ಸ್ಪ್ರೆಡ್‌ಶೀಟಿನ ಪ್ರತಿಗಳು ಮಾತ್ರ ನಮ್ಮ ನೆನಪುಗಲ್ಲಿನಲ್ಲಿವೆ. ಹಳೇ ಕಡತಗಳನ್ನು ಕೊರೆದಿಟ್ಟ ಗಾಜಿನ ಬಿಲ್ಲೆಗೆ ನಾವು ಹಾಗೆನ್ನುತ್ತೇವೆ. ಅವುಗಳಲ್ಲಿ ಒಂದೊಂದು ಬಾವಿಯ ಮುಂದೂ ಒಂದೊಂದು ತಾರೀಖು: ನವೆಂಬರ್ 8, ಜುಲೈ 5. ಬಾವಿ ಹುಟ್ಟಿದ ದಿನವೆಂದು ನಂಬಿ, ನನ್ನ ಅಜ್ಜಿಯ ಕಾಲದಿಂದಲೂ ಆ ದಿನ ಹೂತ ಬಾವಿಯ ಮೇಲೆ ಬೆಲ್ಲವಿಟ್ಟು ಹಾಡು ಹೇಳುತ್ತಾ ಬಂದೆವು. ನಗು ಬಂದರೆ ನಕ್ಕುಬಿಡಿ. ನೀರು ಸಿಗುವ ಆಳ 8-11 ಮೀಟರ್ ಎಂದು ಬರೆದದ್ದನ್ನು ಕಂಪ್ಯೂಟರ್ ನವೆಂಬರ್ 8 ಮಾಡಿಟ್ಟಿದೆಯೆಂದು ನಮಗೇನು ಗೊತ್ತು?

ಈ ವರ್ಷ ದೂರದ ಕೊಳವೆ ನೀರು ನಿಂತಿತು. ಹೂತ ಬಾವಿಯೊಂದರ ಪಕ್ಕದಲ್ಲೇ ಹೊಸದೊಂದು ತೋಡಿದೆವು. ಆರು ಮೀಟರಿಗೂ ಬರೀ ಒಣ ಕೆಂಪು ಕಲ್ಲು, ಕೈಬಿಟ್ಟೆವು. ಹತ್ತು ದಿನದಲ್ಲಿ ಊರು ಬಿಡುವುದೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ನನ್ನ ಬಸುರಿ ಮಗಳು ಜಗದೇವಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ನೀರಿರುವ ಊರಿಗೆ ಹನ್ನೆರಡು ದಿನದ ನಡಿಗೆ, ಅದರಲ್ಲಿ ತಾಯಿಯೂ ಉಳಿಯಲಿಕ್ಕಿಲ್ಲ, ಕೂಸೂ ಉಳಿಯಲಿಕ್ಕಿಲ್ಲ ಎಂದು ಸೂಲಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

ನೆನಪುಗಲ್ಲು ಕಾಯುವ ಬಕ್ಕಪ್ಪ ಮಾಸ್ತರರು ಆಳ ಎಲ್ಲಾದರೂ ಬರೆದಿದೆಯೇ ಎಂದು ಅವತ್ತೇ ಎಲ್ಲ ಪ್ರತಿಗಳನ್ನೂ ತೆಗೆದು ಕೂತರು. ಒಂದರಲ್ಲಿ ಆ ಹೂತ ಬಾವಿಯ ಮುಂದೆ 45238 ಎಂದಿತ್ತು. ಯಾರೋ ಆ ತಾರೀಖನ್ನು ಸಂಖ್ಯೆಯ ರೂಪಕ್ಕೆ ಬದಲಿಸಿದ್ದರಿಂದ ಅದು 1900ನೇ ಇಸವಿಯಿಂದ ಆ ತಾರೀಖಿನವರೆಗಿನ ದಿನಗಳ ಎಣಿಕೆಯಾಗಿತ್ತಂತೆ. "ಇಷ್ಟು ಮೀಟರ್ ತೋಡಿದ್ರ ಪಾತಾಳಾನೂ ದಾಟಿ ಹೋಗ್ತೀವಿ ನೋಡವ್ವ" ಎಂದರು ಮಾಸ್ತರರು. ನನಗೆ ಅಳು ಬಂತು. ಕೊನೆಗೆ ಸಿಕ್ಕಿದ್ದು ನಿಮ್ಮ ಪ್ರತಿ, ಅದರ ತಲೆಯ ಮೇಲೆ ನಿಮ್ಮ ಟಿಪ್ಪಣಿ:

"ಈ ಕಾಲಂ ಟೆಕ್ಸ್ಟ್ ಅದ, ಹಂಗೇ ಇರ್ಲಿ. ಫಾರ್ಮ್ಯಾಟ್ ಜನರಲ್ ಇಟ್ಟು ಟೈಪ್ ಬಡದ್ರ ಆಳ ಹೋಗಿ ತಾರೀಖ್ ಆಗ್ತದ. ಮುನ್ನೂರ ನಲವತ್ತೊಂದು ಬಾವಿ ಒಂದೊಂದೇ ಮತ್ತ ಬಡದೀನಿ. ದಯಮಾಡಿ ಮುಟ್ಟಬ್ಯಾಡ್ರಿ. ಸುವರ್ಣಾ."

ಕೆಳಗೆ, ನಮ್ಮ ಬಾವಿಯ ಮುಂದೆ, 8-11. ಮತ್ತೆ ಗುದ್ದಲಿ ಹಿಡಿದೆವು. ಎಂಟೂವರೆ ಮೀಟರಿಗೆ ಕಲ್ಲು ತೇವವಾಯಿತು, ಒಂಬತ್ತಕ್ಕೆ ನೀರು ಬಂತು. ಜಗದೇವಿ ನಮ್ಮ ಮನೆಯಲ್ಲೇ ಹೆತ್ತಳು. ಕೂಸಿಗೆ ನಾನೇ ಎರೆದೆ, ಬಿಂದಿಗೆಗಟ್ಟಲೆ, ಜಿಪುಣತನ ಮಾಡದೆ. ನಿಮ್ಮ ಉಪಕಾರ ಏಳು ಜನ್ಮಕ್ಕೂ ತೀರಿಸಲಾರೆ ಅಕ್ಕಾ.

ಆ ಕಡತವನ್ನು ನೀವು ಸೇವ್ ಮಾಡಿದ ವೇಳೆಯೂ ಅದರಲ್ಲಿದೆ: ಶನಿವಾರ ಸಂಜೆ ಏಳು ಗಂಟೆ ಹತ್ತು ನಿಮಿಷ. ಉಳಿದವರೆಲ್ಲ ಆಗಲೇ ಮನೆ ಸೇರಿರಬೇಕು. ಈ ಪತ್ರ ಆ ಶನಿವಾರಕ್ಕಿಂತ ಮೊದಲು ನಿಮ್ಮ ಕೈ ಸೇರಿದರೆ ನನ್ನದೊಂದೇ ಬೇಡಿಕೆ: ಬೇಸರ ಬಂದರೂ ಆವತ್ತು ಅರ್ಧಕ್ಕೇ ಏಳಬೇಡಿ. ಮೊಮ್ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ನೀವು ಎದ್ದು ಹೋದರೆ ಇವಳಿಲ್ಲ.